ತಲೆಕೆಳಗಾದರೂ ಅದು ತ್ರಿಕೋನವೇ

ನಿಮ್ಮ ನಾಲ್ಕು ವರ್ಷದ ಮಗುವಿಗೆ ಪುಸ್ತಕದಲ್ಲಿರುವ ತ್ರಿಕೋನ ಚೆನ್ನಾಗಿ ಗೊತ್ತು. ಅದೇ ಪುಟವನ್ನು ತಲೆಕೆಳಗಾಗಿ ಹಿಡಿದು ಕೇಳಿ ನೋಡಿ. 'ಇದು ತ್ರಿಕೋನ ಅಲ್ಲ' ಎನ್ನಬಹುದು. ಗದರಬೇಡಿ. ಮಗು ದಡ್ಡ ಅಲ್ಲ. ನಾವು ಅದಕ್ಕೆ ತೋರಿಸಿದ್ದೇ ಒಂದು ಬಗೆಯ ಚಿತ್ರ. ಆರಂಭದಲ್ಲಿ ಮಕ್ಕಳು ಬದಿ, ಮೂಲೆಗಳನ್ನು ಗಮನಿಸದೆ ಒಟ್ಟು ನೋಟದಿಂದಲೇ ಆಕೃತಿಯನ್ನು ಗುರುತಿಸುತ್ತಾರೆಂದು ಡಚ್ ಶಿಕ್ಷಕ ದಂಪತಿ ಪಿಯರ್ ಮತ್ತು ದೀನಾ ವ್ಯಾನ್ ಹೀಲೆ 1957ರಲ್ಲೇ ವಿವರಿಸಿದ್ದರು.

ಇದನ್ನು ಕಲಿಸಲು ದುಬಾರಿ ಆಟಿಕೆ ಬೇಡ. ಹಳೆಯ ರಟ್ಟಿನಿಂದ ಉದ್ದ, ಗಿಡ್ಡ, ಓರೆಯಾದ ನಾಲ್ಕೈದು ತ್ರಿಕೋನಗಳನ್ನು ನೀವೇ ಕತ್ತರಿಸಿ ಕೊಡಿ. ಮಗು ಅಂಚಿನ ಮೇಲೆ ಬೆರಳಾಡಿಸುತ್ತಾ ಮೂಲೆಗಳನ್ನು ಎಣಿಸಲಿ. ರಟ್ಟನ್ನು ತಿರುಗಿಸಿಟ್ಟು ಮತ್ತೆ ಎಣಿಸಲಿ. ಚೌಕದ ಕರವಸ್ತ್ರವನ್ನು ಓರೆಯಾಗಿ ಹಾಸಿದರೂ ಚೌಕವೇ. ಎದುರು ಮೂಲೆಗಳನ್ನು ಸೇರಿಸಿ ಮಡಚಿದರೆ ತ್ರಿಕೋನ.

ಚೆಂಡನ್ನು ತೋರಿಸಿ ವೃತ್ತ ಎನ್ನಬೇಡಿ. ಡಬ್ಬದ ಮುಚ್ಚಳವನ್ನು ಕಾಗದದ ಮೇಲಿಟ್ಟು ಸುತ್ತಲೂ ಪೆನ್ಸಿಲ್ ಎಳೆಯಲಿ. ಮೂಡಿದ ಗೆರೆಯೇ ವೃತ್ತ.

ಉತ್ತರ ತಪ್ಪಿದಾಗ ನಗಬೇಡಿ, ಅಕ್ಕ-ಅಣ್ಣಂದಿರಿಗೆ ಹೋಲಿಸಬೇಡಿ. ಸರಿ ಹೇಳಿದಾಗಲೂ 'ಹೇಗೆ ಗೊತ್ತಾಯಿತು?' ಎಂದು ಕೇಳಿ. 'ಮೂರು ಮೂಲೆ ಉಂಟಲ್ಲ ಉಮ್ಮಾ' ಎಂದು ಮಗು ಉತ್ತರಿಸಿದ ದಿನ, ಅದು ಹೆಸರನ್ನಲ್ಲ, ಆಕೃತಿಯನ್ನು ಕಲಿತಿದೆ ಎಂದು ತಿಳಿಯಿರಿ.