ಕೈಯನ್ನು ನೋಡಿ ಮೌಸನ್ನು ಕೊಳ್ಳಿರಿ

ಹಿಂದಿನ ಕಾಲದ ಬಳೆಗಾರನು ಜಗಲಿಯ ಮೇಲೆ ಮಲಾರವನ್ನಿಳಿಸಿ ಕುಳಿತನೆಂದರೆ ಮೊದಲು ಬಳೆಯನ್ನು ತೋರಿಸುತ್ತಿರಲಿಲ್ಲ, ಕೈಯನ್ನು ಕೇಳುತ್ತಿದ್ದನು. ಬೆರಳುಗಳನ್ನು ಒಟ್ಟಾಗಿ ಹಿಡಿದು, ಅಂಗೈಯನ್ನು ಮೆಲ್ಲನೆ ಅದುಮಿ, ಈ ಕೈಗೆ ಇಂಥ ಅಳತೆಯೇ ಸರಿಯೆಂದು ನಿಶ್ಚಯಿಸಿದ ಮೇಲೆಯೇ ಬಣ್ಣದ ಮಾತು, ಆಮೇಲೆ ಬೆಲೆಯ ಮಾತು. ಗಾಜಿನ ಬಳೆಗೆ ಇಷ್ಟೊಂದು ಪರೀಕ್ಷೆ! ಆದರೆ ದಿನಕ್ಕೆ ಏಳೆಂಟು ಗಂಟೆಗಳ ಕಾಲ ಅಂಗೈಯ ಕೆಳಗಿರತಕ್ಕ ಮೌಸನ್ನು ಕೊಳ್ಳುವಾಗ ಕೈಯ ಯೋಗಕ್ಷೇಮವನ್ನು ವಿಚಾರಿಸುವವರೇ ಇಲ್ಲ. ಕಂಪ್ಯೂಟರಿನೊಡನೆ ಬಂದುದು, ಕಚೇರಿಯವರು ಕೊಟ್ಟುದು, ಅಂಗಡಿಯಲ್ಲಿ ಅಗ್ಗಕ್ಕೆ ದೊರೆತುದು, ಯಾವುದಾದರೇನು ಎಂಬ ಔದಾಸೀನ್ಯ. ಈ ಔದಾಸೀನ್ಯದ ಬೆಲೆಯನ್ನು ತೆರುವುದು ಮಾತ್ರ ಮಣಿಕಟ್ಟು.

ಈ ಉಪಕರಣಗಳ ವಂಶಾವಳಿಯು ಸ್ವಾರಸ್ಯವಾಗಿದೆ. ಮೊದಲ ಮೌಸ್ ಮರದ್ದು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟರು ಕಲ್ಪಿಸಿದ ಅದನ್ನು 1964ರಲ್ಲಿ ಅವರ ಸಹೋದ್ಯೋಗಿ ಬಿಲ್ ಇಂಗ್ಲಿಷ್ ನಿರ್ಮಿಸಿದರು. ಒಂದು ಸಣ್ಣ ಮರದ ಪೆಟ್ಟಿಗೆ, ಅಡಿಯಲ್ಲಿ ಒಂದಕ್ಕೊಂದು ಅಡ್ಡಲಾಗಿ ನಿಂತ ಎರಡು ಗಾಲಿಗಳು, ಮೇಲೊಂದು ಗುಂಡಿ, ಇಷ್ಟೇ. 1968ರ ಡಿಸೆಂಬರ್ 9ರಂದು ಸ್ಯಾನ್‌ಫ್ರಾನ್ಸಿಸ್ಕೋದ ಸಭೆಯೊಂದರಲ್ಲಿ ಅದನ್ನು ಎಲ್ಲರೆದುರು ಪ್ರದರ್ಶಿಸಲಾಯಿತು. ಮೌಸ್ ಎಂದು ನಾಮಕರಣ ಮಾಡಿದವರಾರೆಂಬುದು ಯಾರಿಗೂ ನೆನಪಿಲ್ಲವೆಂದು ಎಂಗೆಲ್‌ಬಾರ್ಟರೇ ಹೇಳಿದ್ದುಂಟು.

ಟ್ರ್ಯಾಕ್‌ಬಾಲ್ ಮಾತ್ರ ಮೌಸ್‌ಗಿಂತ ಹಿರಿಯದು. ಬ್ರಿಟಿಷ್ ನೌಕಾಪಡೆಯ ರೇಡಾರ್ ಕೆಲಸಕ್ಕಾಗಿ ರಾಲ್ಫ್ ಬೆಂಜಮಿನ್ ಎಂಬ ಎಂಜಿನಿಯರು 1946ರಲ್ಲಿಯೇ ಉರುಳುಗುಂಡಿನ ಉಪಾಯವನ್ನು ಕಂಡುಹಿಡಿದಿದ್ದರು. 1952ರ ಸುಮಾರಿಗೆ ಕೆನಡಾದ ನೌಕಾಪಡೆಗಾಗಿ ರಚಿಸಿದ ಯಂತ್ರದಲ್ಲಿ ಆಟದ ಬೌಲಿಂಗ್ ಚೆಂಡನ್ನೇ ಕೂಡಿಸಿದ್ದರಂತೆ. ಬೆರಳನ್ನು ಎಳೆದರೆ ಸಾಕೆನ್ನುವ ಟ್ರ್ಯಾಕ್‌ಪ್ಯಾಡ್ ಈ ಮೂವರಲ್ಲಿ ಕಿರಿಯದು. ಆಪಲ್ ಸಂಸ್ಥೆಯು 1994ರಲ್ಲಿ ತನ್ನ ಪವರ್‌ಬುಕ್ ಲ್ಯಾಪ್‌ಟಾಪುಗಳಲ್ಲಿ ಅದನ್ನು ಅಳವಡಿಸಿತು. ಅದಕ್ಕೆ ಮೊದಲು, 1991ರ ಪವರ್‌ಬುಕ್ಕಿನಲ್ಲಿ ಆ ಸ್ಥಾನದಲ್ಲಿದ್ದುದು ಒಂದು ಪುಟ್ಟ ಟ್ರ್ಯಾಕ್‌ಬಾಲ್. ಈ ಮೂರರಲ್ಲಿ ಯಾವುದು ಶ್ರೇಷ್ಠವೆಂಬ ಪ್ರಶ್ನೆಗೆ ಉತ್ತರವಿಲ್ಲ. ಯಾರ ಕೈಗೆ, ಯಾವ ಕೆಲಸಕ್ಕೆ, ಎಲ್ಲಿ ನೋವಿದ್ದವರಿಗೆ ಎಂದು ಕೇಳಿದರೆ ಮಾತ್ರ ಉತ್ತರವುಂಟು.

ಅದಕ್ಕಾಗಿ ಕೈಯ ರಚನೆಯನ್ನು ಸ್ವಲ್ಪ ತಿಳಿಯಬೇಕು. ಮುಂಗೈಯಲ್ಲಿ ಎರಡು ಮೂಳೆಗಳಿವೆ. ಹಸ್ತಲಾಘವಕ್ಕೆ ಕೈಚಾಚಿದಾಗ ಅವು ಹೆಚ್ಚುಕಡಮೆ ಸಮಾನಾಂತರವಾಗಿರುತ್ತವೆ. ಅಂಗೈಯನ್ನು ಮೇಜಿನ ಕಡೆಗೆ ಕವುಚಿದಾಗ ಒಂದು ಇನ್ನೊಂದರ ಮೇಲೆ ಅಡ್ಡ ಹಾಯುತ್ತದೆ. ಸಾಮಾನ್ಯ ಮೌಸ್ ಹಿಡಿದವರ ಕೈ ದಿನವೆಲ್ಲ ಹೀಗೆ ತಿರುಚಿಕೊಂಡೇ ಇರುತ್ತದೆ. ಇನ್ನು ಮಣಿಕಟ್ಟಿನಲ್ಲಿ ಸಣ್ಣ ಎಲುಬುಗಳೂ ಅವುಗಳ ಮೇಲೆ ಬಿಗಿದ ಒಂದು ಪಟ್ಟಿಯೂ ಸೇರಿ ಇಕ್ಕಟ್ಟಾದ ಸುರಂಗವಾಗಿದೆ. ಬೆರಳುಗಳನ್ನು ಮಡಿಸುವ 9 ಸ್ನಾಯುರಜ್ಜುಗಳೂ ಒಂದು ಮುಖ್ಯ ನರವೂ ಆ ದಾರಿಯಲ್ಲಿಯೇ ಹೋಗಬೇಕು. ಮಣಿಕಟ್ಟನ್ನು ಮೇಲಕ್ಕೆ ಬಾಗಿಸಿದಷ್ಟೂ ಒಳಗಿನ ಒತ್ತಡ ಹೆಚ್ಚುತ್ತದೆ. ಒತ್ತಡಕ್ಕೆ ಸಿಕ್ಕ ನರವು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿಸಿ ದೂರು ಹೇಳುತ್ತದೆ. ಈ ವ್ಯಾಧಿಗೆ ಮೌಸೊಂದೇ ಕಾರಣವೆಂದು ವೈದ್ಯರು ಹೇಳುವುದಿಲ್ಲ. ಮಧುಮೇಹ, ಥೈರಾಯ್ಡ್ ದೋಷ, ಗರ್ಭಿಣೀ ಅವಸ್ಥೆ ಇವುಗಳಲ್ಲಿಯೂ ಅದು ಕಾಣಿಸಿಕೊಳ್ಳುತ್ತದೆ. ಆದರೆ ನೊಂದ ಕೈಗೆ ಒಗ್ಗದ ಉಪಕರಣವನ್ನು ಕೊಡುವುದು ಗಾಯದ ಮೇಲೆ ಬರೆ ಎಳೆದಂತೆ.

ಈಗ ಆಯ್ಕೆಯ ಮಾತು. ಮೌಸ್ ಕೊಳ್ಳುವವರು ಮೊದಲು ಗಾತ್ರವನ್ನು ನೋಡಬೇಕು. ಕೈಯನ್ನು ಅದರ ಮೇಲೆ ಸಡಿಲವಾಗಿ ಇರಿಸಿದರೆ ಅಂಗೈಗೆ ಆಧಾರ ದೊರೆಯಬೇಕು, ಬೆರಳುಗಳು ತಾವಾಗಿಯೇ ಗುಂಡಿಗಳ ಮೇಲೆ ಕುಳಿತುಕೊಳ್ಳಬೇಕು. ಪ್ರಯಾಣಕ್ಕೆಂದು ಮಾಡಿದ ಪುಟ್ಟ ಮೌಸ್ ಚೀಲದಲ್ಲಿ ಅಡಗುವುದೇನೋ ನಿಜ. ದೊಡ್ಡ ಕೈಯವರು ಅದನ್ನು ಇಡೀ ದಿನ ಬಳಸಿದರೆ ಚೇಳನ್ನು ಹಿಡಿದಂತೆ ಬೆರಳ ತುದಿಗಳಲ್ಲಿ ಚಿವುಟಿ ಹಿಡಿಯಬೇಕಾಗುತ್ತದೆ. ಎಡಚರಾದವರು ಬಲಗೈಗೆಂದೇ ಕೊರೆದ ಮೌಸನ್ನು ಮುಟ್ಟಬಾರದು. ಎರಡು ಪಕ್ಕಗಳೂ ಸಮವಾಗಿರುವುದನ್ನು ಆರಿಸಬೇಕು.

ಮುಂಗೈ ಸೋಲುವವರಿಗೆ ನೆಟ್ಟಗೆ ನಿಂತ ಮೌಸ್‌ಗಳು ದೊರೆಯುತ್ತವೆ. ಅವನ್ನು ಹಿಡಿದಾಗ ಕೈ ಹಸ್ತಲಾಘವದ ಭಂಗಿಯಲ್ಲಿದ್ದು ತಿರುಚುವಿಕೆ ಕಡಮೆಯಾಗುತ್ತದೆ. ಮೊದಮೊದಲು ಬಾಣದ ಗುರುತು ಒಂದು ಕಡೆ, ಮನಸ್ಸು ಒಂದು ಕಡೆ ಎಂಬಂತಾಗುವುದು ಸಹಜ. ಹೊಸ ಚಪ್ಪಲಿಯಂತೆ ಕೆಲವು ದಿನಗಳಾದರೂ ಅವಕಾಶ ಕೊಡಬೇಕು.

ಟ್ರ್ಯಾಕ್‌ಬಾಲಿನಲ್ಲಿ ಉಪಕರಣ ನಿಂತಲ್ಲೇ ನಿಲ್ಲುತ್ತದೆ, ಗುಂಡು ಮಾತ್ರ ಉರುಳುತ್ತದೆ. ಭುಜ ನೋಯುವವರಿಗೂ, ಪುಸ್ತಕ, ಕಾಗದ, ಕಾಫಿ ಲೋಟಗಳ ನಡುವೆ ಗೇಣುದ್ದ ಜಾಗವೂ ಉಳಿಯದ ಮೇಜಿನವರಿಗೂ ಅದು ಉಪಕಾರಿ. ಇದರಲ್ಲಿ ಎರಡು ಜಾತಿಗಳಿವೆ: ಹೆಬ್ಬೆರಳಿನಿಂದ ಉರುಳಿಸುವುದು ಒಂದು, ಉಳಿದ ಬೆರಳುಗಳಿಂದ ಉರುಳಿಸುವುದು ಇನ್ನೊಂದು. ಹೆಬ್ಬೆರಳಿನ ಬುಡದಲ್ಲಿ ಮೊದಲೇ ನೋವಿರುವವರು ಮೊದಲನೆಯದರ ಸಹವಾಸಕ್ಕೆ ಹೋಗದಿರುವುದು ಲೇಸು. ಮಣಿಕಟ್ಟಿನ ಭಾರವನ್ನು ಇಳಿಸಿ ಹೆಬ್ಬೆರಳ ತಲೆಯ ಮೇಲೆ ಹೊರಿಸಿದಂತಾಗುತ್ತದೆ. ಗುಂಡಿನ ಗೂಡಿನಲ್ಲಿ ಧೂಳು ಕೂಡುವುದರಿಂದ ಆಗಾಗ ತೆಗೆದು ಒರೆಸುವ ಶ್ರದ್ಧೆಯೂ ಬೇಕು.

ಟ್ರ್ಯಾಕ್‌ಪ್ಯಾಡ್ ಲ್ಯಾಪ್‌ಟಾಪಿನ ನಡುವೆಯೇ ಇರುವುದರಿಂದ ಕೈಯನ್ನು ದೂರಕ್ಕೆ ಚಾಚಬೇಕಾಗಿಲ್ಲ. ಓದಲು, ಪತ್ರ ಬರೆಯಲು ಧಾರಾಳವಾಗಿ ಸಾಕು. ಆದರೆ ಚಿತ್ರ ಬಿಡಿಸುವವರು, ಪುಟ ವಿನ್ಯಾಸ ಮಾಡುವವರು, ಲೆಕ್ಕದ ಉದ್ದುದ್ದ ಪಟ್ಟಿಗಳನ್ನು ಎಳೆದು ತಿದ್ದುವವರು ಅದನ್ನೇ ನೆಚ್ಚಿಕೊಂಡರೆ ತೋರುಬೆರಳು ಸೆಟೆದುಕೊಂಡು ಸಂಜೆಯ ಹೊತ್ತಿಗೆ ಮುಷ್ಕರ ಹೂಡುತ್ತದೆ. ಬಳಸಲೇಬೇಕಾದವರು ಅದುಮುವುದಕ್ಕೆ ಬದಲಾಗಿ ಮೃದುವಾಗಿ ತಟ್ಟುವ ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ದುಡ್ಡಿಲ್ಲದೆ ದೊರೆಯುವ ಸೌಖ್ಯಗಳೂ ಕೆಲವುಂಟು. ಬಾಣದ ಗುರುತಿನ ವೇಗ, ಗಾತ್ರ, ಎರಡು ಸಲ ಒತ್ತುವುದರ ನಡುವಣ ಅವಧಿ, ಎಡಬಲ ಗುಂಡಿಗಳ ಅದಲುಬದಲು, ಇವೆಲ್ಲವನ್ನೂ ಕಂಪ್ಯೂಟರಿನಲ್ಲಿಯೇ ಬದಲಾಯಿಸಬಹುದು. ಗುರಿಯು ದೊಡ್ಡದಾಗಿ ಹತ್ತಿರವಿದ್ದಷ್ಟೂ ಕೈ ಅದನ್ನು ಬೇಗ ಮುಟ್ಟುತ್ತದೆಂದು ಪಾಲ್ ಫಿಟ್ಸ್ ಎಂಬ ಮನೋವಿಜ್ಞಾನಿ 1954ರಲ್ಲಿ ಲೆಕ್ಕಹಾಕಿ ತೋರಿಸಿದರು. ಕೈನಡುಕವಿರುವ ಹಿರಿಯರ ಕಂಪ್ಯೂಟರಿನಲ್ಲಿ ಅಕ್ಷರಗಳನ್ನೂ ಗುರುತುಗಳನ್ನೂ ದೊಡ್ಡದಾಗಿಸಿ, ಬಾಣದ ವೇಗವನ್ನು ತಗ್ಗಿಸಿಟ್ಟರೆ, ಪಿಂಚಣಿಯ ವಿವರ ನೋಡಲು ಅವರು ಮೊಮ್ಮಗನ ಬಿಡುವನ್ನು ಕಾಯಬೇಕಾಗಿಲ್ಲ.

ಸ್ಥಾನವೂ ಮುಖ್ಯ. ಮೌಸ್ ಮೊಣಕೈಯ ಎತ್ತರದಲ್ಲಿ, ಕೀಲಿಮಣೆಯ ಪಕ್ಕಕ್ಕೆ ತಾಗಿದಂತಿರಬೇಕು. ಕೀಲಿಮಣೆಯ ಬಲಕ್ಕಿರುವ ಅಂಕಿಗಳ ಸಾಲು ಮೌಸನ್ನು ದೂರ ತಳ್ಳುತ್ತದೆ. ಅಂಕಿಗಳ ಕೆಲಸವಿಲ್ಲದವರು ಆ ಸಾಲಿಲ್ಲದ ಕೀಲಿಮಣೆಯನ್ನು ಕೊಂಡರೆ ಭುಜಕ್ಕೆ ನೆಮ್ಮದಿ. ಮಣಿಕಟ್ಟನ್ನು ಮೇಜಿನ ಅಂಚಿಗೆ ಊರಿ ಅಲ್ಲಾಡಿಸುವುದಕ್ಕಿಂತ ಮೊಣಕೈಯಿಂದ ಇಡೀ ಮುಂಗೈಯನ್ನು ಸರಿಸುವುದು ಮೇಲು. ಎಂಥ ಉತ್ತಮ ಉಪಕರಣವಾದರೂ ನಡುನಡುವೆ ಕೈಬಿಟ್ಟು ಏಳುವ ವಿಶ್ರಾಂತಿಗೆ ಸಾಟಿಯಾಗಲಾರದು.

ನಮ್ಮ ಸಂಸಾರಗಳಲ್ಲಿ ಈ ವಿಚಾರ ಎಷ್ಟು ಹಗುರವಾಗಿದೆಯೆಂಬುದನ್ನು ನೋಡಬೇಕಾದರೆ ಕೆಲಸಕ್ಕೆ ಹೋಗುವ ಸೊಸೆಯಿರುವ ಯಾವುದಾದರೂ ಮನೆಗೆ ಹೋಗಿ ಕೇಳಬಹುದು. ಹಗಲೆಲ್ಲ ಕಚೇರಿಯ ಲೆಕ್ಕಪತ್ರ, ಬೆಳಗೂ ಸಂಜೆಯೂ ಅಡುಗೆಮನೆ. ನಡುರಾತ್ರಿಯಲ್ಲಿ ಬೆರಳುಗಳು ಮರಗಟ್ಟಿ, ಎದ್ದು ಕುಳಿತು ಕೈ ಕೊಡವುತ್ತಾಳೆ. ಬೆಳಿಗ್ಗೆ ಅತ್ತೆಯವರ ನಿದಾನ ಸಿದ್ಧವಾಗಿರುತ್ತದೆ: “ಚಪಾತಿ ಹಿಟ್ಟು ನಾದಿ ನಾದಿ ಕೈ ಸೋತಿದೆ ಕಣಮ್ಮಾ, ಒಂದಿಷ್ಟು ಹರಳೆಣ್ಣೆ ತಿಕ್ಕಿಕೋ.” ಪತಿರಾಯರು ಪತ್ರಿಕೆಯಿಂದ ತಲೆಯೆತ್ತದೆಯೇ, “ಮೊಬೈಲು ಹಿಡಿಯೋದು ಕಮ್ಮಿ ಮಾಡು, ಎಲ್ಲಾ ಸರಿಹೋಗುತ್ತೆ” ಎನ್ನುತ್ತಾರೆ. ಅವಳೂ ಹೌದೆಂದು ಸುಮ್ಮನಾಗುತ್ತಾಳೆ. ಅದೇ ಮನೆಯಲ್ಲಿ ಮಗನ ಆಟಕ್ಕೆ ಬಣ್ಣದ ದೀಪಗಳು ಮಿನುಗುವ ದುಬಾರಿ ಮೌಸ್ ಬಂದಿರುತ್ತದೆ. ಸಂಪಾದಿಸುವ ಕೈಗೆ ಮಾತ್ರ ಹಳೆಯದೇ ಗತಿ.

ರಾತ್ರಿಯ ಜೋಮು ವಾರಗಟ್ಟಲೆ ಬಿಡದಿದ್ದರೆ, ಹಿಡಿದ ಲೋಟ ಕೈಜಾರುವಂತಿದ್ದರೆ, ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸಿದರೆ, ಅದು ಅಂಗಡಿಗೆ ಹೋಗುವ ಹೊತ್ತಲ್ಲ, ವೈದ್ಯರಲ್ಲಿಗೆ ಹೋಗುವ ಹೊತ್ತು. ನರವು ಬಹುಕಾಲ ಒತ್ತಡದಲ್ಲಿದ್ದರೆ ಹೆಬ್ಬೆರಳಿನ ಬುಡದ ಮಾಂಸಖಂಡವೇ ಸೊರಗುತ್ತದೆ. ಹೋದ ಬಲವೆಲ್ಲ ಮರಳುವುದೆಂಬ ಭರವಸೆ ಆಮೇಲೆ ಇರುವುದಿಲ್ಲ. ಬೇಗ ಹೋದವರಲ್ಲಿ ಎಷ್ಟೋ ಮಂದಿಗೆ ರಾತ್ರಿ ಮಣಿಕಟ್ಟನ್ನು ನೆಟ್ಟಗಿರಿಸುವ ಪಟ್ಟಿಯಂಥ ಸರಳ ಚಿಕಿತ್ಸೆಯಿಂದಲೇ ಗುಣ ಕಾಣುವುದುಂಟು.

ಅಷ್ಟು ದೂರ ಹೋಗದವರು ಮುಂದಿನ ಸಲ ಅಂಗಡಿಗೆ ಹೋದಾಗ ಪೆಟ್ಟಿಗೆಯ ಮೇಲಿನ ಚಿತ್ರಕ್ಕೆ ಮರುಳಾಗದೆ, ಬಳಸುವವರನ್ನೇ ಜೊತೆಗೆ ಕರೆದೊಯ್ದು, ನಾಲ್ಕಾರು ಮೌಸ್‌ಗಳ ಮೇಲೆ ಕೈಯಿಟ್ಟು ಐದು ಹತ್ತು ನಿಮಿಷ ಆಡಿಸಿ ನೋಡಲಿ. ಒಗ್ಗದಿದ್ದರೆ ಹಿಂದಕ್ಕೆ ಕೊಡಬಹುದೇ ಎಂದು ಮೊದಲೇ ವಿಚಾರಿಸಲಿ. ಅಂಗಡಿಯವರು ಬೇಸರಪಟ್ಟರೂ ಚಿಂತೆಯಿಲ್ಲ. ಮೌಸ್ ಕೆಟ್ಟರೆ ಅವರಲ್ಲಿ ಇನ್ನೊಂದು ದೊರೆಯುತ್ತದೆ. ಕೈ ಕೆಟ್ಟರೆ ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ.