ಹೆಡ್ ಬದಲಿಸುವ ಮೊದಲು ಅಳತೆ ಕೇಳಿ

ಇಂಜಿನ್ ಮಿತಿಮೀರಿ ಕಾದು ಗಾಡಿ ನಿಂತರೆ ಸಿಲಿಂಡರ್ ಹೆಡ್ಡಿನ ಹಣೆಬರಹ ಗಾಡಿ ಯಾವ ಗ್ಯಾರೇಜಿಗೆ ಹೋಯಿತು ಎಂಬುದರ ಮೇಲೆ ನಿಂತಿರುತ್ತದೆ. ಕಂಪನಿಯ ಸರ್ವೀಸ್ ಸೆಂಟರಿನಲ್ಲಿ 'ಹೊಸದೇ ಹಾಕಬೇಕು' ಎನ್ನುತ್ತಾರೆ. ಬೀದಿಬದಿಯ ಗ್ಯಾರೇಜಿನಲ್ಲಿ 'ಫೇಸಿಂಗ್ ಮಾಡಿಸಿದರೆ ಸಾಕು' ಎನ್ನುತ್ತಾರೆ, ಅಂದರೆ ಹೆಡ್ಡಿನ ತಳವನ್ನು ಹೆರೆದು ಮಟ್ಟ ಮಾಡಿಸುವುದು. ಎಷ್ಟೋ ಸಲ ಈ ಎರಡೂ ಮಾತು ಹೆಡ್ ಬಿಚ್ಚುವ ಮುನ್ನವೇ ಬರುತ್ತವೆ. ರಿಪೇರಿಯೋ ಬದಲಾವಣೆಯೋ ಎಂಬುದನ್ನು ನಿರ್ಧರಿಸಬೇಕಾದದ್ದು ಅಳತೆ, ಗ್ಯಾರೇಜಿನ ರೂಢಿಯಲ್ಲ.

ಇಂದಿನ ಕಾರುಗಳ ಹೆಡ್ ಬಹುತೇಕ ಅಲ್ಯೂಮಿನಿಯಂ ಮಿಶ್ರಲೋಹದ್ದು. ಕಾದಾಗ ಇದು ಬೀಡುಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬೋಲ್ಟುಗಳು ಬಿಗಿಹಿಡಿದಿರುವುದರಿಂದ ಹಿಗ್ಗಲು ಎಡೆಯಿಲ್ಲದೆ ಡೊಂಕಾಗುತ್ತದೆ. ಮಟ್ಟಪಟ್ಟಿ ಇಟ್ಟು ಸಂದಿಗೆ ಫೀಲರ್ ಗೇಜ್ ತೂರಿಸಿದರೆ ಡೊಂಕು ಎಷ್ಟೆಂದು ಆಗಲೇ ಗೊತ್ತಾಗುತ್ತದೆ. ಅನೇಕ ಕಾರುಗಳಲ್ಲಿ 0.05ರಿಂದ 0.1 ಮಿ.ಮೀ.ವರೆಗೆ ಕ್ಷಮ್ಯ, ತುಸು ಮೀರಿದರೆ ಫೇಸಿಂಗ್ ಸಾಲುತ್ತದೆ. ಆದರೆ ಹೆರೆದಷ್ಟೂ ಕಂಪ್ರೆಶನ್ ಏರುತ್ತದೆ, ವಾಲ್ವಿಗೂ ಪಿಸ್ಟನ್ನಿಗೂ ನಡುವಿನ ಅಂತರ ಕುಗ್ಗುತ್ತದೆ. ಹೆಡ್ಡಿನ ಕನಿಷ್ಠ ಎತ್ತರವನ್ನು ಕೈಪಿಡಿಯಲ್ಲಿ ಬರೆದಿರುವುದು ಇದಕ್ಕಾಗಿಯೇ, ಕೆಲವು ಡೀಸೆಲ್ ಇಂಜಿನ್‌ಗಳಲ್ಲಂತೂ ಹೆರೆಯುವುದೇ ನಿಷಿದ್ಧ. ಇನ್ನು ಬಿರುಕು. ನೀರಿನ ದಾರಿಗಳನ್ನೆಲ್ಲ ಮುಚ್ಚಿ, ಒಳಗೆ ಗಾಳಿಯೊತ್ತಡ ಕೊಟ್ಟು ಬಿಸಿನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಏಳುವ ಜಾಗ ಅದನ್ನು ತೋರಿಸಿಕೊಡುತ್ತದೆ. ಹೊರಗೋಡೆಯ ಬಿರುಕನ್ನು ನುರಿತವರು ವೆಲ್ಡ್ ಮಾಡಬಲ್ಲರು. ವಾಲ್ವ್ ಸೀಟುಗಳ ನಡುವಿನ ಕೂದಲೆಳೆಯ ಸೀಳನ್ನು ಕೆಲವು ಡೀಸೆಲ್ ಇಂಜಿನ್ ತಯಾರಕರೇ ಒಂದು ಮಿತಿಯವರೆಗೆ ಒಪ್ಪುತ್ತಾರೆ, ಹೀಗಾಗಿ ಬಿರುಕು ಕಂಡೊಡನೆ ಗುಜರಿಗೆ ಎಸೆಯುವುದು ದುಡುಕು. ಅತಿ ಕಾವಿಗೆ ಲೋಹವೇ ಮೆತ್ತಗಾಗಿದ್ದರೆ ಮಾತ್ರ ಬೇರೆ ದಾರಿಯಿಲ್ಲ. ಗಡಸುತನದ ಪರೀಕ್ಷೆಯಲ್ಲಿ ಸೋತ ಹೆಡ್ಡನ್ನು ಎಷ್ಟು ನುಣ್ಣಗೆ ಹೆರೆದರೂ ಅದು ಮತ್ತೆ ಡೊಂಕಾಗುತ್ತದೆ.

ಇಷ್ಟೆಲ್ಲ ತಾಪತ್ರಯಕ್ಕಿಂತ ಹೊಸದು ಹಾಕಿಸಿ ನಿಶ್ಚಿಂತೆಯಿಂದ ಇರಬಾರದೇ ಎನ್ನುವವರ ಮಾತು ತಳ್ಳಿಹಾಕುವಂಥದ್ದಲ್ಲ. ವೆಲ್ಡಿಂಗ್ ಕೈಕೊಟ್ಟರೆ ಬಿಚ್ಚಿ ಜೋಡಿಸುವ ಕೂಲಿ ಎರಡನೇ ಸಲ ತೆರಬೇಕು. ಟ್ಯಾಕ್ಸಿ ಓಡಿಸುವವರಿಗೆ ಆ ದಿನಗಳ ದುಡಿಮೆಯೂ ಹೋಗುತ್ತದೆ. ಹಾಗಾಗಿ ವೆಲ್ಡ್ ಬೇಡುವ ಬಿರುಕು ಇರುವಾಗ, ಹೊಸ ಹೆಡ್ಡಿನ ಬೆಲೆ ರಿಪೇರಿಯ ಖರ್ಚಿಗೆ ಹತ್ತಿರ ಹತ್ತಿರವಿದ್ದರೆ ನನ್ನ ಮತವೂ ಹೊಸದಕ್ಕೇ. ಆದರೆ ಆ ಬೆಲೆಯಲ್ಲಿ ವಾಲ್ವು, ಕ್ಯಾಮ್‌ಶಾಫ್ಟ್ ಸೇರಿವೆಯೇ ಎಂದು ಕೇಳಬೇಕು, ಬರೀ ಹೆಡ್ಡಿನ ದರ ಹೇಳಿ ಉಳಿದದ್ದನ್ನು ಬಿಲ್ಲಿನಲ್ಲಿ ತೋರಿಸುವುದೂ ಉಂಟು. ಅಗ್ಗವೆಂದು ಗುಜರಿಯಿಂದ ತಂದ ಹಳೆಯ ಹೆಡ್ಡಿಗೂ ಇದೇ ಪರೀಕ್ಷೆಗಳು ಆಗಬೇಕು. ಅದಿರಲಿ, ನಿಶ್ಚಿಂತೆ ಎಂಬುದು ಹೊಸ ಹೆಡ್ಡಿನೊಂದಿಗೆ ತಾನಾಗಿ ಬರುವುದಿಲ್ಲ. ರೇಡಿಯೇಟರ್ ಕಟ್ಟಿಕೊಂಡಿದ್ದರೆ, ಥರ್ಮೋಸ್ಟಾಟ್ ತೆರೆಯದಿದ್ದರೆ, ಕೂಲೆಂಟ್ ಬದಲು ಬೋರ್‌ವೆಲ್ ನೀರು ತುಂಬುತ್ತಿದ್ದರೆ ಹೊಸದೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.

ಆದ್ದರಿಂದ ಒಪ್ಪಿಗೆ ಕೊಡುವ ಮುನ್ನ ಡೊಂಕಿನ ಅಳತೆ, ಒತ್ತಡ ಪರೀಕ್ಷೆಯ ಫಲಿತಾಂಶ, ಇಂಜಿನ್ ಕಾದ ಕಾರಣ ಈ ಮೂರನ್ನೂ ಬರೆದುಕೊಡಲು ಗ್ಯಾರೇಜಿನವರನ್ನು ಕೇಳಿ. ಕೊಡಲೊಲ್ಲೆ ಎಂದರೆ ಹೆಡ್ಡನ್ನು ಬೇರೆ ಕಡೆ ಒಯ್ದು ಪರೀಕ್ಷೆ ಮಾಡಿಸಿ.