ಕುದ್ರುವಿನ ಮೇಲೊಂದು ಮನೆ: ಅಗ್ಗದ ನೆಲಕ್ಕೆ ತೆರಬೇಕಾದ ಬೆಲೆ

ಎರ್ನಾಕುಳದ ಹೋಟೆಲೊಂದರಲ್ಲಿ ಇಪ್ಪತ್ತೇಳು ವರ್ಷಗಳಿಂದ ಒಲೆಯ ಮುಂದೆ ನಿಂತಿರುವ ಭಟ್ಟರೊಬ್ಬರು ಕಳೆದ ವಾರ ನಮ್ಮ ಕಾರ್ಯಾಲಯಕ್ಕೆ ಬಂದಿದ್ದರು. ಕೈಚೀಲದಲ್ಲಿ ಮುದ್ರೆಯ ಕಾಗದದ ಮೇಲೆ ಬರೆಸಿದ ಕರಾರುಪತ್ರವಿತ್ತು. ವೈಪಿನಿನ ಬದಿಯ ಒಂದು ದ್ವೀಪದಲ್ಲಿ, ಹಿನ್ನೀರಿಗೆ ತಾಗಿಕೊಂಡಿರುವ ಐದು ಸೆಂಟು ನೆಲಕ್ಕೆ ಅವರು ಮುಂಗಡ ಕೊಟ್ಟಿದ್ದಾರೆ. ಊರಿನ ಮನೆ ಪಾಲಿನಲ್ಲಿ ಅಣ್ಣನಿಗೆ ಹೋಗಿದೆ. ಮಕ್ಕಳು ಮಲಯಾಳದಲ್ಲಿ ಓದಿ ಇಲ್ಲಿಯೇ ಕೆಲಸ ಹಿಡಿದಿದ್ದಾರೆ. ಕೈಯಲ್ಲಿ ಉಳಿದಿರುವುದು ಪ್ರಾವಿಡೆಂಟ್ ಫಂಡಿನ ಹಣ ಮತ್ತು ಹೆಂಡತಿಯ ನಾಲ್ಕು ಬಳೆ. ನಗರದಲ್ಲಿ ಒಂದು ಸೆಂಟಿಗೆ ಕೇಳುವ ಹಣಕ್ಕೆ ಅಲ್ಲಿ ಐದು ಸೆಂಟು ದೊರೆಯುವುದೆಂದು ದಲ್ಲಾಳಿ ಹೇಳಿದನಂತೆ. “ಎಲ್ಲ ಸರಿ ಉಂಟೋ ಅಂತ ಒಮ್ಮೆ ಓದಿ ಹೇಳಿ ಸ್ವಾಮಿ, ನನಗೆ ಮಲಯಾಳ ಅಕ್ಷರ ಅಷ್ಟು ಕೂಡಿ ಬರುವುದಿಲ್ಲ” ಎಂದರು.

ಇದು ಒಬ್ಬ ಭಟ್ಟರ ಸಂಗತಿಯಾಗಿದ್ದರೆ ನಾವು ಇಲ್ಲಿ ಬರೆಯುತ್ತಿರಲಿಲ್ಲ. 2004ರಲ್ಲಿ ಗೋಶ್ರೀ ಸೇತುವೆಗಳು ತೆರೆದು ಬೋಳ್ಗಾಟಿ, ವಲ್ಲಾರ್ಪಾಡಂ, ವೈಪಿನ್‌ಗಳು ಎರ್ನಾಕುಳಕ್ಕೆ ಅಂಟಿಕೊಂಡಂದಿನಿಂದಲೂ, 2023ರ ಏಪ್ರಿಲಿನಲ್ಲಿ ಜಲ ಮೆಟ್ರೋ ಓಡಲಾರಂಭಿಸಿದ ಮೇಲೆ ಇನ್ನಷ್ಟೂ, ದ್ವೀಪದ ನೆಲ ಮಾರುವವರು ಹೋಟೆಲುಗಳ ಹಿಂಬಾಗಿಲಿಗೆ ಬಂದು ಕೂರುತ್ತಿದ್ದಾರೆ. ಸಪ್ಲೈಯರುಗಳೂ ಗುಮಾಸ್ತರೂ ಕೂಡಿಸಿಟ್ಟ ಹಣದ ಮೇಲೆ ಅವರ ಕಣ್ಣಿದೆ. ಅವರು ಹೇಳುವ ಬೆಲೆ ಸುಳ್ಳಲ್ಲ, ನೆಲ ನಿಜವಾಗಿಯೂ ಅಗ್ಗ. ಆದರೆ ಅಗ್ಗವೇಕೆ ಎಂಬುದನ್ನು ಅವರು ಹೇಳುವುದಿಲ್ಲ.

ಮೊದಲು ಒಂದು ಮಾತಿನ ವಿಚಾರ. ಭಟ್ಟರ ಕರಾರಿನಲ್ಲಿ ಆಸ್ತಿಯ ವಿವರಣೆಯೊಳಗೆ ‘ನಿಲಂ’ ಎಂದಿತ್ತು. ಯಾರೋ ಓದಿ ಹೇಳಿದಾಗ ಭಟ್ಟರು ಅದನ್ನು ನಮ್ಮ ‘ನೆಲ’ ಎಂದೇ ತಿಳಿದು ತಲೆಯಾಡಿಸಿದ್ದರು. ಕನ್ನಡಿಗನಿಗೆ ನೆಲವೆಂದರೆ ಕಾಲೂರುವ ಎಲ್ಲ ಭೂಮಿಯೂ ನೆಲವೇ. ಕೇರಳದ ಕಂದಾಯ ದಾಖಲೆಯಲ್ಲಿ ಹಾಗಲ್ಲ. ಅಲ್ಲಿ ‘ನಿಲಂ’ ಎಂದರೆ ಗದ್ದೆ, ‘ಪುರಯಿಡಂ’ ಎಂದರೆ ಮನೆ ಕಟ್ಟಬಹುದಾದ ಹಿತ್ತಲು. ಒಂದೇ ತಾಯಿಯ ಮಕ್ಕಳಾದ ಎರಡು ಭಾಷೆಗಳ ನಡುವೆ ಇಷ್ಟು ದುಬಾರಿಯಾದ ಅಂತರ ಇನ್ನೊಂದಿರಲಾರದು. ಆ ಪ್ರದೇಶದಲ್ಲಿ ಗದ್ದೆಯೆಂದರೆ ಪೊಕ್ಕಾಳಿ ಗದ್ದೆ. ಮಳೆಗಾಲದಲ್ಲಿ ಉಪ್ಪು ತಾಳುವ ಬತ್ತ, ಮಳೆ ನಿಂತ ಮೇಲೆ ಸಿಗಡಿ. ಅದನ್ನು ತುಂಬಿಸಿ ಮನೆಯೆಬ್ಬಿಸುವುದನ್ನು 2008ರ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಶಾಸನ ತಡೆಯುತ್ತದೆ. ಪ್ರತಿ ಪಂಚಾಯತಿಗೂ ‘ಡೇಟಾ ಬ್ಯಾಂಕ್’ ಎಂಬ ಗದ್ದೆಗಳ ಪಟ್ಟಿಯಿದೆ. ನೆಲ ಆ ಪಟ್ಟಿಯಲ್ಲಿದ್ದರೆ, ಬೇರೆ ತಕ್ಕ ಸ್ಥಳವಿಲ್ಲದ ಒಡೆಯನಿಗೆ ಸ್ವಂತ ವಾಸಕ್ಕೆಂದು ಪಂಚಾಯತಿ ಪ್ರದೇಶದಲ್ಲಿ ಹತ್ತು ಸೆಂಟಿನವರೆಗೆ ತುಂಬಿಸಲು ಅನುಮತಿ ದೊರೆಯುವ ದಾರಿ ಉಂಟು. ಆದರೆ ಸ್ಥಳೀಯ ಸಮಿತಿ ಅದನ್ನು ಒಪ್ಪಿ ಮೇಲಕ್ಕೆ ಬರೆಯಬೇಕು. ಪಟ್ಟಿಯಲ್ಲಿಲ್ಲದೆ ದಾಖಲೆಯಲ್ಲಿ ಮಾತ್ರ ‘ನಿಲಂ’ ಎಂದು ಉಳಿದಿದ್ದರೆ ತೊಡಕು ಕಡಮೆ; 2018ರ ತಿದ್ದುಪಡಿ ಸಣ್ಣ ಮನೆಗಳಿಗೆ ಷರತ್ತಿನ ವಿನಾಯಿತಿಯನ್ನೂ ಕೊಟ್ಟಿದೆ. ಈ ಎರಡರಲ್ಲಿ ಯಾವುದು ಎಂಬುದನ್ನು ಮುಂಗಡ ಕೊಡುವುದಕ್ಕೆ ಮೊದಲು ತಿಳಿಯಬೇಕಲ್ಲದೆ ಆಮೇಲಲ್ಲ.

ಎರಡನೆಯದು ನೀರಿನಂಚಿನ ಗೆರೆ. ಕರಾವಳಿ ನಿಯಂತ್ರಣ ವಲಯದ ಕಟ್ಟಳೆ 1991ರಲ್ಲಿ ಬಂತು, 2011ರಲ್ಲಿ ಬದಲಾಯಿತು, 2019ರಲ್ಲಿ ಮತ್ತೆ ಬದಲಾಯಿತು. ಹಿನ್ನೀರಿನ ದ್ವೀಪಗಳಲ್ಲಿ ಉಬ್ಬರದ ಗೆರೆಯಿಂದ 50 ಮೀಟರಿನೊಳಗೆ ಹೊಸ ಮನೆ ಕೂಡದೆಂದು 2011ರ ಅಧಿಸೂಚನೆ ಹೇಳಿತ್ತು. 2019ರದು ಅದನ್ನು 20 ಮೀಟರಿಗೆ ಇಳಿಸಿತು. ಅದರಂತೆ ಕೇರಳದ ನಕ್ಷೆಗಳಿಗೆ ಕೇಂದ್ರದ ಒಪ್ಪಿಗೆ ದೊರೆತದ್ದು 2024ರಲ್ಲಿ. 20 ಮೀಟರು ಸಣ್ಣ ದೂರವೆಂದು ದಲ್ಲಾಳಿ ನಗುತ್ತಾನೆ. ನಾವು ಓದಿದ್ದು ಎಸ್.ಎಸ್.ಎಲ್.ಸಿ.ಯವರೆಗೆ, ಈ ಲೆಕ್ಕಕ್ಕೆ ಅಷ್ಟು ಸಾಕು. ಐದು ಸೆಂಟೆಂದರೆ 202 ಚದರ ಮೀಟರು. ನೀರಿನ ಉದ್ದಕ್ಕೆ 10 ಮೀಟರು, ಒಳಕ್ಕೆ 20 ಮೀಟರು ಇರುವ ತುಂಡೆಂದರೆ 200 ಚದರ ಮೀಟರು. ಅಂದರೆ ಭಟ್ಟರ ಐದು ಸೆಂಟು ಹಾಗಿದ್ದರೆ, ಒಂದು ತುಳಸಿಕಟ್ಟೆಯಷ್ಟು ಜಾಗವೂ ಉಳಿಯದೆ ಎಲ್ಲವೂ ನಿಷೇಧದೊಳಗೇ ಬೀಳುತ್ತದೆ. ಅಲ್ಲದೆ ಆ ಗೆರೆ ನಾವು ಹೋದ ದಿನ ನೀರು ನಿಂತಿದ್ದ ಅಂಚಲ್ಲ. ನಕ್ಷೆಯಲ್ಲಿ ಅಧಿಕೃತವಾಗಿ ಎಳೆದ ಗೆರೆ. ಅದು ಕಣ್ಣಿಗೆ ಕಾಣುವ ದಂಡೆಗಿಂತ ಒಳಗಿರುವುದೂ ಉಂಟು.

ಇದೇ ಕಟ್ಟಳೆಯಲ್ಲಿ ಪರಸ್ಥಳದವರಾದ ನಾವು ಎರಡು ಸಲ ಓದಬೇಕಾದ ಒಂದು ವಾಕ್ಯವಿದೆ. 20 ಮೀಟರಿನೊಳಗೆ ಈಗಾಗಲೆ ಇರುವ, ಸ್ಥಳೀಯ ಸಮುದಾಯದವರ ಮನೆಗಳನ್ನು ದುರಸ್ತಿ ಮಾಡಬಹುದು, ಅದೇ ಜಾಗದಲ್ಲಿ ಮರಳಿ ಕಟ್ಟಬಹುದು ಎಂಬುದೇ ಆ ವಾಕ್ಯ. ಇದು ನ್ಯಾಯವಾದದ್ದೇ, ತಲೆತಲಾಂತರದಿಂದ ಬಲೆ ಬೀಸಿ ಬದುಕಿದವನನ್ನು ಎಬ್ಬಿಸಬಾರದಲ್ಲವೆ? ದಲ್ಲಾಳಿಗಳು ಈ ವಾಕ್ಯವನ್ನೇ ಹಿಡಿದು, “ಹಳೆಯ ಮನೆ ಕೊಳ್ಳಿ, ಕೆಡವಿ ಹೊಸದು ಕಟ್ಟಿ” ಎನ್ನುತ್ತಾರೆ. ಹಾಗಾದರೆ ಮೂವತ್ತು ವರ್ಷ ಇಲ್ಲಿ ದೋಸೆ ಹುಯ್ದು, ಇಲ್ಲಿಯೇ ರೇಷನ್ ಕಾರ್ಡು ಮಾಡಿಸಿ, ಇಲ್ಲಿಯೇ ವೋಟು ಹಾಕಿದ ಉಡುಪಿಯ ಕಡೆಯವನು ಸ್ಥಳೀಯನೆ? ಎಷ್ಟು ವರ್ಷಕ್ಕೆ ಆಗುತ್ತಾನೆ? ಆ ವಾಕ್ಯದಲ್ಲಿ ಅದಕ್ಕೆ ಅಳತೆಗೋಲಿಲ್ಲ. ಅಳತೆಗೋಲಿಲ್ಲದ ಕಡೆ ತೀರ್ಮಾನ ಅಧಿಕಾರಿಯದು. ಆತ ಒಪ್ಪಿದರೂ ನಾಳೆ ನ್ಯಾಯಾಲಯ ಒಪ್ಪಬೇಕು.

ಅಧಿಕಾರಿ ಒಪ್ಪಿ ನ್ಯಾಯಾಲಯ ಒಪ್ಪದಿದ್ದರೆ ಏನಾಗುವುದೆಂಬುದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಮರಡಿನಲ್ಲಿ ಹಿನ್ನೀರಿನ ದಂಡೆಯ ನಾಲ್ಕು ವಸತಿ ಸಮುಚ್ಚಯಗಳಿಗೆ 2006ರಲ್ಲಿ ಪಂಚಾಯತಿಯೇ ಪರವಾನಗಿ ಕೊಟ್ಟಿತ್ತು. ಜನ ಸಾಲ ಮಾಡಿ ಕೊಂಡರು, ತೆರಿಗೆ ಕಟ್ಟಿದರು, ವರ್ಷಗಟ್ಟಲೆ ವಾಸಿಸಿದರು. 2019ರ ಮೇ 8ರಂದು ಸರ್ವೋಚ್ಚ ನ್ಯಾಯಾಲಯ ಅವನ್ನು ಕೆಡವಲು ಆಜ್ಞೆ ಮಾಡಿತು. 2020ರ ಜನವರಿ 11 ಮತ್ತು 12ರಂದು ಮದ್ದಿಟ್ಟು ಉರುಳಿಸಲಾಯಿತು. ಒಂದೊಂದು ಮನೆಗೆ 25 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡಿಸಲು ದೇಶದ ಅತ್ಯುಚ್ಚ ನ್ಯಾಯಾಲಯವೇ ಆಜ್ಞೆ ಮಾಡಬೇಕಾಯಿತು. ಅಲ್ಲಿ ಇದ್ದವರು ವಕೀಲರನ್ನಿಡಬಲ್ಲ ಜನ. ಐದು ಸೆಂಟಿನ ಭಟ್ಟರ ಪರವಾಗಿ ಅಷ್ಟು ದೂರ ಹೋಗುವವರು ಯಾರು?

ಇನ್ನು ಕಾನೂನೆಲ್ಲ ಸರಿಯಿದೆ ಎಂದೇ ಇಟ್ಟುಕೊಳ್ಳೋಣ. ನೆಲವಾದರೂ ಎಂತಹುದು? 1341ರಲ್ಲಿ ಪೆರಿಯಾರಿಗೆ ಬಂದ ಮಹಾಪೂರದಿಂದ ಕೊಚ್ಚಿಯ ಅಳಿವೆ ತೆರೆಯಿತು, ವೈಪಿನ್ ಮೂಡಿತು ಎಂಬುದು ಇಲ್ಲಿಯವರ ನಂಬಿಕೆ. ಹಾಗೆಂದರೆ ನಮ್ಮ ಉಡುಪಿಯ ಕೃಷ್ಣಮಠಕ್ಕಿಂತ ಈ ದ್ವೀಪ ಕಿರಿಯದು! ವೈಪಿನಿನ ಕಡಲ ಬದಿಯಲ್ಲಿ ಹೊಯಿಗೆಯಾದರೂ ಇದೆ. ಮುಳವುಕಾಡು, ಕಡಮಕ್ಕುಡಿಗಳ ಒಳಭಾಗದಲ್ಲಿ ಬೆಣ್ಣೆಯಂತಹ ಜೇಡಿ. ನಮ್ಮ ಊರಿನ ಮುರಕಲ್ಲಿನ ಗುಡ್ಡದಲ್ಲಿ ಮೂರಡಿ ಅಗೆದು ಪಂಚಾಂಗ ಹಾಕಿದ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು. ಈ ಲೇಖಕನು 2013ರಲ್ಲಿ ಹೋಟೆಲಿನ ಸಾಮಾನಿಗೆಂದು ಅಂತಹ ಒಂದು ದ್ವೀಪದಲ್ಲಿ ಉಗ್ರಾಣದ ಕೋಣೆ ಕಟ್ಟಿಸಿದನು. ತೆಂಗಿನ ಕಾಂಡದ ಗೂಟಗಳನ್ನು ಕೆಸರಿಗೆ ಬಡಿದು ಅದರ ಮೇಲೆ ಪಂಚಾಂಗ ಏಳಿಸಬೇಕೆಂದು ಮುದುಕ ಮೇಸ್ತ್ರಿ ಹೇಳಿದ್ದನು. ಆ ಖರ್ಚು ವ್ಯರ್ಥವೆಂದು ನಾವು ತಳ್ಳಿಹಾಕಿದೆವು. ಎರಡನೆಯ ಮಳೆಗಾಲಕ್ಕೆ ಬಾಗಿಲು ಮುಚ್ಚದಾಯಿತು. ನೆಲದ ಮೇಲೆ ತೆಂಗಿನಕಾಯಿ ಇಟ್ಟರೆ ಅದು ತಾನಾಗಿ ಮೂಲೆಗೆ ಉರುಳುತ್ತಿತ್ತು. ಸಾಲದ್ದಕ್ಕೆ ಕೆಲಸದವರು ಕಾಂಕ್ರೀಟಿಗೆ ಹಿನ್ನೀರನ್ನೇ ಉಣಿಸಿದ್ದರು. ಉಪ್ಪು ಹೆಚ್ಚಾದ ಸಾರಿಗೆ ನೀರು ಬೆರೆಸಿ ಬಡಿಸಬಹುದು. ಉಪ್ಪು ಹೊಕ್ಕ ಕಾಂಕ್ರೀಟಿಗೆ ಮದ್ದಿಲ್ಲ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಛಾವಣಿ ಹಪ್ಪಳದಂತೆ ಹಾಳೆ ಹಾಳೆಯಾಗಿ ಕಳಚಿತು. ತಪ್ಪು ನಮ್ಮದೇ, ಬೇರೆ ಯಾರನ್ನೂ ದೂರುವಂತಿಲ್ಲ.

ಸಾಗಣೆಯ ಲೆಕ್ಕವೂ ಇದೆ. ಎಂಟುನೂರು ಚದರಡಿಯ ಮನೆಗೆ ಮುನ್ನೂರಕ್ಕೆ ಕಡಮೆಯಿಲ್ಲದಷ್ಟು ಮೂಟೆ ಸಿಮೆಂಟು ಬೇಕು; ಮೂಟೆಗೆ 50 ಕಿಲೋ ಎಂದರೆ ಸಿಮೆಂಟೊಂದೇ 15 ಟನ್ನು. ಕಲ್ಲು, ಜಲ್ಲಿ, ಕಬ್ಬಿಣ, ಎಂ-ಸ್ಯಾಂಡು, ನೆಲ ಎತ್ತರಿಸುವ ಮಣ್ಣು ಬೇರೆ. ಲಾರಿ ಹೋಗುವ ರಸ್ತೆ ಮನೆಯ ಬಾಗಿಲಿನವರೆಗೆ ಇದ್ದರೆ ಚಿಂತೆಯಿಲ್ಲ. ಸೇತುವೆ ಮುಟ್ಟದ ತುರುತ್ತಾದರೆ ಲಾರಿಯಿಂದ ಕಡವಿಗೆ, ಕಡವಿನಿಂದ ವಂಚಿಗೆ, ವಂಚಿಯಿಂದ ತಲೆಹೊರೆಗೆ ಎಂದು ಮೂರು ಸಲ ಕೂಲಿ ತೆರಬೇಕು. ಸಾಮಾನ್ಯ ಮನೆಗೆ ಚದರಡಿಗೆ 2000 ರೂಪಾಯಿಗಿಂತ ಕೆಳಗೆ ನಾವು ಕೇಳಿದ ಯಾವ ಗುತ್ತಿಗೆದಾರನೂ ಇಳಿಯಲಿಲ್ಲ. ಅದೂ ಗಟ್ಟಿ ನೆಲದ ಮೇಲೆ. ಅಂದರೆ ಎಂಟುನೂರಕ್ಕೆ 16 ಲಕ್ಷ. ರಾಜ್ಯ ಸರ್ಕಾರ ‘ಲೈಫ್’ ಯೋಜನೆಯಲ್ಲಿ ಮನೆಯಿಲ್ಲದವರಿಗೆ ಕೊಡುವುದು ಸಾಮಾನ್ಯವಾಗಿ 4 ಲಕ್ಷ. ಸುಮಾರು ನಾನೂರು ಚದರಡಿಯ ಮನೆಗೆ ಅದು ಅರ್ಧ ಖರ್ಚಾದೀತು. ದ್ವೀಪದ ಬಡವನು ಉಳಿದರ್ಧಕ್ಕೆ ಸಾಲ ಮಾಡಿ, ಮೇಲೆ ವಂಚಿಯ ಕೂಲಿಗೂ ಸಾಲ ಮಾಡುತ್ತಾನೆ.

ದ್ವೀಪದಲ್ಲಿ ಮನೆ ಕಟ್ಟುವುದರ ಈ ಸಂಕಟ ಕೊಚ್ಚಿಗೇ ಮೀಸಲಲ್ಲ. ನಮ್ಮ ಕಡೆ ಕುದ್ರು ಎಂದು ಕರೆಯುವ ಹೊಳೆನಡುವಿನ ತುಂಡುಗಳಲ್ಲಿ, ಕೆಮ್ಮಣ್ಣಿನ ತೂಗುಸೇತುವೆಯಾಚೆಯ ತಿಮ್ಮಣ್ಣಕುದ್ರುವಿನಲ್ಲಾಗಲಿ, ನೇತ್ರಾವತಿಯ ಪಾವೂರು ಉಳಿಯದಲ್ಲಾಗಲಿ, ಬಾಳಿದವರಿಗೆ ಇದು ಗೊತ್ತು. ಹೊಯಿಗೆ ತೆಗೆಯುವವರ ಕೈಯಲ್ಲಿ ಪಾವೂರು ಉಳಿಯ ಸವೆದು ಕಿರಿದಾದುದನ್ನು ಮಂಗಳೂರಿನವರು ಬಲ್ಲರು. ದೂರದ ವೆಸ್ಟ್ ಇಂಡೀಸೆಂದರೆ ನಮ್ಮವರಿಗೆ ಕ್ರಿಕೆಟ್ ಮಾತ್ರ. ಆದರೆ ಅಲ್ಲಿಯ ಬಾರ್ಬಡೋಸ್ ದ್ವೀಪದ ಒಂದು ಪದ್ಧತಿ ನಮ್ಮ ಸ್ಥಿತಿಗೆ ಬಹಳ ಹತ್ತಿರದ್ದು. 1830ರ ದಶಕದಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕೂಲಿಗಳು ಕಬ್ಬಿನ ತೋಟದ ಧಣಿಗಳ ನೆಲದಲ್ಲಿ ಬಾಡಿಗೆಗೆ ಇದ್ದರು. ನೆಲ ತಮ್ಮದಲ್ಲವಾದ್ದರಿಂದ ಅವರು ಪಂಚಾಂಗವನ್ನೇ ಹಾಕಲಿಲ್ಲ. ಬಿಡಿಗಲ್ಲುಗಳ ಮೇಲೆ ಹಲಗೆಯ ಮನೆ ನಿಲ್ಲಿಸಿದರು. ಧಣಿ ಏಳೆಂದರೆ ಹಲಗೆ ಬಿಚ್ಚಿ ಗಾಡಿಗೆ ಹೇರಿ ಹೊರಡುವುದು. ಆ ಮನೆಗೆ ‘ಚರಾಸ್ತಿ ಮನೆ’ ಎಂಬರ್ಥದ ಹೆಸರೇ ಇದೆ. ಕಾಲೂರಿದ ನೆಲವನ್ನು ಅವರಿಗೆ ಕೊಳ್ಳಲು ಕೊಟ್ಟ ಕಾನೂನು ಬಂದದ್ದು 1980ರಲ್ಲಿ. ಹೋಟೆಲಿನ ಅಟ್ಟದ ಮೇಲೆ ಟ್ರಂಕು ಇಟ್ಟು ಯೌವನ ಕಳೆದ ನಮ್ಮ ಜನಕ್ಕೆ ಆ ಮನೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ಥಿರಾಸ್ತಿಯ ಆಸೆ ಅವರಿಗೆ ಇತರರಿಗಿಂತ ಹೆಚ್ಚು. ದಲ್ಲಾಳಿ ಮಾರುವುದು ಆ ಆಸೆಯನ್ನೇ.

ನೆಲದ ಹಕ್ಕಿದ್ದ ನಿಜವಾದ ದ್ವೀಪವಾಸಿಗಳ ಗತಿಯೂ ಗಟ್ಟಿಯಾಗಿಲ್ಲ. ವಲ್ಲಾರ್ಪಾಡಂ ಕಂಟೇನರ್ ಬಂದರಿನ ದಾರಿಗಾಗಿ 2008ರ ಫೆಬ್ರವರಿ 6ರಂದು ಮೂಲಂಪಿಳ್ಳಿಯಲ್ಲಿ ಮನೆಗಳನ್ನು ಕೆಡವಿದರು. ಬಂದರು 2011ರಲ್ಲಿ ಉದ್ಘಾಟನೆಯಾಯಿತು. ಒಟ್ಟು 316 ಕುಟುಂಬಗಳಿಗೆ ಪುನರ್ವಸತಿಯ ಮಾತು ಕೊಡಲಾಗಿತ್ತು. ಬದಲಿಗೆ ತೋರಿಸಿದ ನೆಲದಲ್ಲಿ ಕೆಲವು ತುಂಬಿಸಿದ ಜೌಗಾಗಿದ್ದು, ಬಂದರು ನಡೆಯತೊಡಗಿ ವರ್ಷಗಳಾದರೂ ಅನೇಕರು ಬಾಡಿಗೆ ಮನೆಗಳಲ್ಲಿಯೇ ಉಳಿದರು.

ತಿರುವನಂತಪುರದ ನಮ್ಮ ವಾಚಕರು ಇದು ಕೊಚ್ಚಿಯವರ ತಲೆನೋವೆಂದು ಪುಟ ಮಗುಚಬಾರದು. ಪೂವಾರಿನ ಹಿನ್ನೀರಿನಲ್ಲಿಯೂ ಇದೇ ದಲ್ಲಾಳಿತನವಿದೆ. ವಲಿಯತುರದಲ್ಲಿ ಕಡಲು ಮನೆ ನುಂಗಿದ ಮೀನುಗಾರರು ಗೋದಾಮಿನಲ್ಲಿ ವರ್ಷಗಟ್ಟಲೆ ಬದುಕಿದ್ದನ್ನು ಅವರು ನೋಡಿದ್ದಾರೆ. ತೀರದಿಂದ 50 ಮೀಟರಿನೊಳಗಿನ ಕುಟುಂಬಗಳು ಹಿಂದೆ ಸರಿಯಲೆಂದು ಸರ್ಕಾರ 2020ರಲ್ಲಿ ‘ಪುನರ್ಗೇಹಂ’ ಯೋಜನೆ ತಂದು, ನೆಲಕ್ಕೂ ಮನೆಗೂ ಸೇರಿ 10 ಲಕ್ಷ ರೂಪಾಯಿ ಗೊತ್ತುಮಾಡಿತು. ಇದನ್ನು ವಾಚಕರು ಸ್ವಲ್ಪ ಯೋಚಿಸಬೇಕು: ನೀರಿನ ಗುಣ ಬಲ್ಲ ಮೀನುಗಾರನಿಗೆ ಹಣ ಕೊಟ್ಟು ಸರ್ಕಾರ ದಂಡೆಯಿಂದ ದೂರ ಕರೆಯುತ್ತಿದೆ; ಈಜು ಬಾರದ ನಮ್ಮ ಭಟ್ಟರಿಂದ ಹಣ ಪಡೆದು ದಲ್ಲಾಳಿ ದಂಡೆಗೆ ಕರೆಯುತ್ತಿದ್ದಾನೆ. ವೈಪಿನಿನ ಒಳಗಿನ ಪಂಚಾಯತಿಗಳಲ್ಲಿ ವೃಶ್ಚಿಕ ಮಾಸದ ಉಬ್ಬರಕ್ಕೆ ಬೆಳಗಿನ ಜಾವ ಅಡಿಗೆಮನೆಯೊಳಗೆ ಉಪ್ಪುನೀರು ಬರುವುದು ಈಚಿನ ವರ್ಷಗಳಲ್ಲಿ ಸಾಮಾನ್ಯವಾಗಿದೆ. ಅನುಕೂಲವಿದ್ದವರು ಜಾಕಿಗಳನ್ನಿಟ್ಟು ಇಡೀ ಮನೆಯನ್ನೇ ಮೂರು ನಾಲ್ಕಡಿ ಮೇಲಕ್ಕೆತ್ತಿಸುತ್ತಾರೆ. ಇಲ್ಲದವರು ಅಕ್ಕಿಯ ಡಬ್ಬವನ್ನು ಮಂಚದ ಮೇಲಿಡುತ್ತಾರೆ.

ಹಾಗೆಂದು ದ್ವೀಪದಲ್ಲಿ ಯಾರೂ ನೆಲ ಕೊಳ್ಳಲೇಬಾರದೆಂದು ನಮ್ಮ ಅಭಿಪ್ರಾಯವಲ್ಲ. ದಾಖಲೆಯಲ್ಲಿ ಪುರಯಿಡಂ ಎಂದಿದ್ದು, ಗೆರೆಯಿಂದ ಸಾಕಷ್ಟು ಒಳಗಿದ್ದು, ಲಾರಿ ಹೋಗುವ ದಾರಿಯೂ ಪೆರಿಯಾರಿನ ಕೊಳವೆ ನೀರೂ ಇರುವ ಕಡೆ ನಮ್ಮವರೇ ಕೆಲವರು ಕಟ್ಟಿ ಸುಖವಾಗಿದ್ದಾರೆ. ಅಂತಹ ನೆಲ ದಲ್ಲಾಳಿ ಹೇಳಿದ ಬೆಲೆಗೆ ಸಿಕ್ಕುವುದಿಲ್ಲ, ಅಷ್ಟೇ.

ಭಟ್ಟರಿಗೆ ಇಷ್ಟನ್ನೂ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. “ಮುಂಗಡ ಹೋಗುತ್ತದೋ?” ಎಂದರು. ಕರಾರಿನಲ್ಲಿ, ದಾಖಲೆಗಳು ಮನೆ ಕಟ್ಟಲು ಯೋಗ್ಯವಲ್ಲವೆಂದು ಕಂಡುಬಂದರೆ ಹಣ ಹಿಂದಿರುಗಿಸತಕ್ಕದ್ದೆಂಬ ಸಾಲು ಇಲ್ಲ. ಮಾರುವವನು ಒಳ್ಳೆಯವನಾದರೆ ಕೊಟ್ಟಾನು. ಅವಧಿ ಮುಂದಿನ ತಿಂಗಳ 15ಕ್ಕೆ ಮುಗಿಯುತ್ತದೆ. ಸೋಮವಾರ ರಜೆ ಹಾಕಿ ಮೊದಲು ವಿಲ್ಲೇಜ್ ಆಫೀಸಿಗೆ, ಆಮೇಲೆ ಡೇಟಾ ಬ್ಯಾಂಕ್ ನೋಡಲು ಕೃಷಿಭವನಕ್ಕೆ ಹೋಗುತ್ತೇನೆಂದರು. ಮಲಯಾಳ ಓದಬಲ್ಲ ಮಗಳು ಜೊತೆಗೆ ಬರುತ್ತಾಳಂತೆ. ಹೊರಡುವಾಗ ನಮ್ಮ ಕಾರ್ಯಾಲಯದ ಅಳತೆಯ ಟೇಪನ್ನು ಕೇಳಿ ತೆಗೆದುಕೊಂಡು ಹೋದರು.